ಮೂರನೇ ಬೆಳೆಯ ಕೊಯ್ಲು: ಗುಂಡ್ಲುಪೇಟೆಯಲ್ಲಿ ಕುಳಿತು ಸಾಯಿನಾಥ್ ಓದು

ಕೆಲವು ಪುಸ್ತಕಗಳನ್ನು ಎಲ್ಲಿ ಕುಳಿತು ಓದುತ್ತೇವೆ ಎನ್ನುವುದೂ ಮುಖ್ಯವಾಗುತ್ತದೆ. ಪಿ. ಸಾಯಿನಾಥ್ ಅವರ 1996ರ ಕೃತಿಯನ್ನು ಜಿ.ಎನ್. ಮೋಹನ್ ‘ಬರ ಅಂದ್ರೆ ಎಲ್ಲರಿಗೂ ಇಷ್ಟ’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದಿದ್ದಾರೆ. ನಗರದ ಓದುಗರು ಇದನ್ನು ಗ್ರಾಮೀಣ ವರದಿಗಾರಿಕೆಯ ಮಾದರಿಯೆಂದು ಮೆಚ್ಚಿದರು. ಗುಂಡ್ಲುಪೇಟೆಯಲ್ಲೋ ಚಾಮರಾಜನಗರದಲ್ಲೋ ಕುಳಿತು ಓದಿದರೆ ಇದೇ ಪುಸ್ತಕ ನಮ್ಮೂರಿನ ಲೆಕ್ಕದ ಪುಸ್ತಕದಂತೆ ಕಾಣುತ್ತದೆ. ಕಾಳಹಂದಿ, ಪಲಾಮು, ರಾಮನಾಥಪುರ, ಪುದುಕ್ಕೋಟೈಗಳ ಕಥೆ ಹೇಳುವ ಈ ಕೃತಿಯ ಜಿಲ್ಲೆಗಳ ಪಟ್ಟಿಯಲ್ಲಿ ಕರ್ನಾಟಕವಿಲ್ಲ. ಆದರೂ ನಮಗೆ ಹೀಗೇಕೆ ಅನ್ನಿಸುತ್ತದೆ?

ಸಾಯಿನಾಥ್ ಕೇಳುವ ಪ್ರಶ್ನೆ ಸರಳವಾದುದು: ಬರದಿಂದ ಗೆದ್ದವರು ಯಾರು? ಪಲಾಮುವಿನಲ್ಲಿ ಬರಪರಿಹಾರಕ್ಕೆ ‘ಮೂರನೇ ಬೆಳೆ’ ಎಂಬ ಅಡ್ಡಹೆಸರಿತ್ತೆಂದು ಅವರು ದಾಖಲಿಸುತ್ತಾರೆ. ಅದನ್ನು ಕೊಯ್ಯುವವನು ಮಾತ್ರ ರೈತನಲ್ಲ. ಮಳೆ ಧಾರಾಳವಾಗಿ ಬೀಳುವ ಕಾಳಹಂದಿಯೂ ಬರದ ಜಿಲ್ಲೆಯಾಗಿಯೇ ಉಳಿಯುವುದರ ಹಿಂದೆ ಗುತ್ತಿಗೆದಾರರು, ಅಧಿಕಾರಿಗಳು, ರಾಜಕಾರಣಿಗಳ ಹಿತಾಸಕ್ತಿ ಇದೆ ಎಂಬುದು ಅವರ ವಾದ. ‘ಅಂದ್ರೆ’ ಎಂಬ ಆಡುಮಾತಿನ ರೂಪವನ್ನು ಶೀರ್ಷಿಕೆಯಲ್ಲೇ ಉಳಿಸಿಕೊಂಡಿರುವುದು ಅನುವಾದಕರ ಜಾಣ್ಮೆ. ಕಟ್ಟೆಯ ಮೇಲೆ ಕುಳಿತವರ ವ್ಯಂಗ್ಯದ ದನಿ ಅದರಲ್ಲಿದೆ. ಸಂತ್ರಸ್ತರ ಬಗ್ಗೆ ಬರೆಯುವಾಗ ನಮ್ಮಲ್ಲಿ ಬಹುತೇಕರು ಕಣ್ಣೀರಿನ ಭಾಷೆಗೆ ಜಾರುತ್ತಾರೆ. ಈ ಪುಸ್ತಕದ ಶಕ್ತಿ ಅದರ ಸಿಟ್ಟು ಬೆರೆತ ನಗೆಯಲ್ಲಿದೆ.

ಆದರೆ ಈ ಕೃತಿಯನ್ನು ಇಂದಿನ ಬರದ ಜೊತೆಗಿಟ್ಟು ಪರೀಕ್ಷಿಸದಿದ್ದರೆ ಅದು ಗ್ರಂಥಾಲಯದ ಗೌರವಕ್ಕಷ್ಟೇ ಪಾತ್ರವಾಗುತ್ತದೆ. 2023ರಲ್ಲಿ ಮುಂಗಾರು ಕೈಕೊಟ್ಟಾಗ ರಾಜ್ಯದ 236 ತಾಲೂಕುಗಳಲ್ಲಿ ಹಂತಹಂತವಾಗಿ 223 ಬರಪೀಡಿತವೆಂದು ಘೋಷಣೆಯಾದವು. ಮೊದಲ ಘೋಷಣೆ ಸೆಪ್ಟೆಂಬರ್‌ನಲ್ಲಿ ಬಂತು. 2024ರ ಜನವರಿಯ ಹೊತ್ತಿಗೆ ರೈತರಿಗೆ ಗರಿಷ್ಠ 2,000 ರೂಪಾಯಿಯ ಮೊದಲ ಕಂತು ಸಿಕ್ಕಿತು. ಕೇಂದ್ರದಿಂದ ರಾಜ್ಯ ಕೇಳಿದ್ದು 18,171 ಕೋಟಿ. ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ನಂತರ ಏಪ್ರಿಲ್ ಕೊನೆಯಲ್ಲಿ ಬಿಡುಗಡೆಯಾದದ್ದು 3,454 ಕೋಟಿ. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿಗೆ ಮಾತ್ರ. ಎಕರೆಯ ಲೆಕ್ಕದಲ್ಲಿ ಇದು ಸುಮಾರು 3,440 ರೂಪಾಯಿ. ಮುಂಗಾರಿನಲ್ಲಿ ಒಣಗಿದ ಸೂರ್ಯಕಾಂತಿಗೆ, ಜೋಳಕ್ಕೆ ಮುಂದಿನ ಬಿತ್ತನೆಯ ಹೊತ್ತಿಗೆ ಬಂದ ಹಣ ಇದು.

ಇಲ್ಲೇ ಸಾಯಿನಾಥ್ ಅವರ ಚಿತ್ರಕ್ಕೆ ಒಂದು ತಿದ್ದುಪಡಿ ಬೇಕಾಗುತ್ತದೆ. ಅವರ ಕಾಲದ ಕಳ್ಳನಿಗೆ ಮುಖವಿತ್ತು. ಆತ ಕಾಮಗಾರಿಯ ಗುತ್ತಿಗೆದಾರನಾಗಿದ್ದ, ಕಚೇರಿಯ ಗುಮಾಸ್ತನಾಗಿದ್ದ. ಈಗ ಹಣ ನೇರ ಖಾತೆಗೆ ಬರುತ್ತದೆ. ಇದು ನಿಜಕ್ಕೂ ಒಳ್ಳೆಯ ಬದಲಾವಣೆ, ಅಲ್ಲಗಳೆಯಬಾರದು. ಆದರೆ ಖಾತೆಗೆ ಬರಬೇಕಾದರೆ ‘ಫ್ರೂಟ್ಸ್’ ತಂತ್ರಾಂಶದಲ್ಲಿ ಗುರುತಿನ ಸಂಖ್ಯೆ ಇರಬೇಕು, ಎಲ್ಲ ಸರ್ವೆ ನಂಬರ್‌ಗಳೂ ಅದಕ್ಕೆ ಸೇರಿರಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ತೀರಿಹೋದ ಅಜ್ಜನ ಹೆಸರಿನಲ್ಲೇ ಪಹಣಿ ಉಳಿದು, ಪೌತಿ ಖಾತೆ ಆಗದ ಕುಟುಂಬಗಳು ಹೊರಗುಳಿಯುತ್ತವೆ. ವಾರಕ್ಕೆ, ಗುತ್ತಿಗೆಗೆ ಉತ್ತವನ ಬೆವರಿಗೆ ಪಹಣಿಯ ಸಾಕ್ಷಿ ಇಲ್ಲ. ಕೂಲಿಯವನಿಗಂತೂ ಪಹಣಿಯೇ ಇಲ್ಲ.

ಹೀಗೆ ಘೋಷಣೆ ಮತ್ತು ಹಣದ ನಡುವಿನ ಏಳೆಂಟು ತಿಂಗಳ ಕಾಯುವಿಕೆಯಲ್ಲಿ ಇಂದಿನ ಮೂರನೇ ಬೆಳೆ ಮೊಳೆಯುತ್ತದೆ. ‘ನಿಮ್ಮ ಹೆಸರು ಪಟ್ಟಿಯಲ್ಲಿ ಸೇರಿಸ್ತೀನಿ, ಐನೂರು ಕೊಡಿ’ ಎನ್ನುವವನು, ಬ್ಯಾಂಕಿನವನೆಂದು ಹೇಳಿಕೊಂಡು ಓಟಿಪಿ ಕೇಳುವವನು, ‘ಹಣ ಇನ್ನೂ ಬಂದಿಲ್ಲ’ ಎನ್ನುತ್ತಲೇ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವವನು, ಎರಡೇ ನಿಮಿಷದಲ್ಲಿ ಸಾಲ ಕೊಡುವ ಮೊಬೈಲ್ ಆ್ಯಪಿನವನು. ಇವರೆಲ್ಲ ಬಿತ್ತುವುದು ಕಾಯುವವರ ಆತಂಕದಲ್ಲಿ. ವಂಚನೆ ನಡೆದಾಗ ‘ಜನ ಎಚ್ಚರ ವಹಿಸಬೇಕು’ ಎಂದು ಉಪದೇಶಿಸುವುದು ಸುಲಭ. ತಡವಾಗಿ ಬರುವ ನೆರವು ವಂಚಕನಿಗೆ ಬಿಟ್ಟುಕೊಟ್ಟ ಹೊಲ ಎಂಬುದನ್ನು ಯಾರೂ ಹೇಳುವುದಿಲ್ಲ.

ಸಹಾಯ ಮಾಡುವವರೂ ಈ ಬಲೆಯಿಂದ ಹೊರಗಿಲ್ಲ. ಕೂಲಿಗಾಗಿ ಘಟ್ಟದಾಚೆ ಹೋಗುವುದು ಈ ಸೀಮೆಗೆ ಹೊಸದಲ್ಲ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕುಸಿದಾಗ ಮೃತರಲ್ಲಿ ಚಾಮರಾಜನಗರ ಜಿಲ್ಲೆಯ ಮೂಲದವರೂ ಇದ್ದರು. ಆಗ ಕೇರಳ ಸರಕಾರವು ದುರ್ಬಳಕೆಯ ಸಾಧ್ಯತೆಯನ್ನು ಮನಗಂಡು ತನ್ನ ಪರಿಹಾರ ನಿಧಿಯ ಕ್ಯೂಆರ್ ಕೋಡನ್ನೇ ಹಿಂತೆಗೆದುಕೊಳ್ಳಬೇಕಾಯಿತು. ಕರುಣೆ ಉಕ್ಕುವ ಹೊತ್ತೇ ಕಳ್ಳನಿಗೆ ಸುಗ್ಗಿ. ಸಾಯಿನಾಥ್ ಪುಸ್ತಕದಲ್ಲಿ ಈ ಬಗೆಯ ಕಳ್ಳನಿಲ್ಲ; 1996ರಲ್ಲಿ ಇರಲು ಸಾಧ್ಯವೂ ಇರಲಿಲ್ಲ. ಅದನ್ನು ಬರೆಯಬೇಕಾದ ಹೊಣೆ ನಮ್ಮ ಕಾಲದ ವರದಿಗಾರರದು, ಕಥೆಗಾರರದು.

ಹಾಗಾದರೆ ಈ ಪುಸ್ತಕ ಹಳತಾಯಿತೇ? ಇಲ್ಲ. ಅದರ ಕೊನೆಯ ಭಾಗ ಬಡವರು ಎದುರು ನಿಂತ ಕಥೆಗಳದ್ದು. ಪುದುಕ್ಕೋಟೈಯ ಹೆಂಗಸರು ಸೈಕಲ್ ಕಲಿತು ತಮ್ಮ ಬದುಕಿನ ಹಿಡಿತ ಪಡೆದ ಪುಟಗಳನ್ನು ಹೊಗಳಿ ಸುಮ್ಮನಾಗುವ ವಿಮರ್ಶೆ ಅರ್ಧ ಓದಿನದು. ಆ ಪುಟಗಳ ತಿಳಿವಳಿಕೆಯನ್ನು ಇಲ್ಲಿಗೆ ತರುವುದಾದರೆ ಸೈಕಲ್ಲಿನ ಜಾಗದಲ್ಲಿ ಇಂದು ಮೊಬೈಲು, ಪಹಣಿ, ಪಾಸ್‌ಬುಕ್‌ಗಳಿವೆ. ಬರಪರಿಹಾರಕ್ಕೆ ಶುಲ್ಕವಿಲ್ಲ; ಹಣ ಕೇಳಿದವನು ಯಾರೇ ಆಗಿರಲಿ, ತಪ್ಪಿತಸ್ಥ. ಹೆಸರು ಬಿಟ್ಟುಹೋಗಿದ್ದರೆ ಗ್ರಾಮ ಆಡಳಿತಾಧಿಕಾರಿಗೆ, ತಹಸೀಲ್ದಾರರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಬೆಳೆವಿಮೆ ಮಾಡಿಸಿದ್ದು, ಆಲಿಕಲ್ಲು ಅಥವಾ ನೆರೆಯಂಥ ಸ್ಥಳೀಯ ವಿಕೋಪದಿಂದ ಬೆಳೆ ಹಾಳಾದರೆ 72 ಗಂಟೆಯೊಳಗೆ ತಿಳಿಸಬೇಕು. ಹೆಬ್ಬೆಟ್ಟು ಒತ್ತುವ ಮುನ್ನ ಮೊತ್ತ ಕೇಳಿ, ಒತ್ತಿದ ಮೇಲೆ ಚೀಟಿ ಪಡೆಯಬೇಕು. ಹಣ ಹೋದರೆ ನಾಚಿ ಕೂರದೆ ಅಂದೇ 1930ಕ್ಕೆ ಕರೆ ಮಾಡಬೇಕು.

ಒಬ್ಬೊಬ್ಬರೇ ಇದನ್ನು ಮಾಡಲಾರರು. ಹಸಿರು ಶಾಲು ಹೊದ್ದು ಕಚೇರಿಯ ಮುಂದೆ ಲೆಕ್ಕ ಕೇಳುವ ರೈತ ಚಳವಳಿಯ ಪರಂಪರೆ ಈ ಜಿಲ್ಲೆಗಿದೆ, ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಕನಸಿನ ಅಮೃತಭೂಮಿ ಇರುವುದೂ ಇಲ್ಲಿನ ಹೊಂಡರಬಾಳುವಿನಲ್ಲೇ. ಪರಿಹಾರದ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸುವುದು ಆ ಪರಂಪರೆಯ ಮುಂದಿನ ಹೆಜ್ಜೆಯಾಗಬೇಕು. ಬರ ಎಲ್ಲರಿಗೂ ಇಷ್ಟವೆಂಬ ಮಾತಿನಲ್ಲಿ ‘ಎಲ್ಲರೂ’ ಎಂದರೆ ಯಾರೆಂದು ಹೆಸರು ಹಿಡಿದು ಕೇಳುವ ದಿನ, ಈ ಪುಸ್ತಕವನ್ನು ನಾವು ನಿಜವಾಗಿ ಓದಿ ಮುಗಿಸಿದಂತೆ.