21 ಗೇರಿನ ಹೆಸರು, ರಿಮ್ಮಿನ ಗುಣ

ದುಬಾರಿ ಸೈಕಲ್ಲಿನ ತಂತ್ರಜ್ಞಾನ ಕೆಲ ವರ್ಷಗಳಲ್ಲೇ ಅಗ್ಗವಾಗಿ ಬಡವರ ಮನೆಗೂ ಬರುತ್ತದೆ ಎಂಬ ಮಾತನ್ನು ನಮ್ಮಲ್ಲಿ ಬರೆಯುವವರು ತೀರ ಸಲೀಸಾಗಿ ಒಪ್ಪಿಕೊಂಡಿದ್ದಾರೆ. ನಿಪ್ಪಾಣಿ, ಚಿಕ್ಕೋಡಿಯ ಅಂಗಡಿಗಳ ಮುಂದೆ ಸಾಲಾಗಿ ನಿಂತ 21 ಗೇರಿನ ಸೈಕಲ್‌ಗಳೇ ಅವರಿಗೆ ಸಾಕ್ಷಿ. ಈ ಸಾಕ್ಷಿ ನಿಲ್ಲುವಂಥದ್ದಲ್ಲ.

ಬೆಲೆ ಇಳಿದದ್ದು ನಿಜ. 1984ರಲ್ಲಿ ಜಪಾನಿನ ಶಿಮಾನೊ ಕಂಪನಿ ರೇಸಿನವರಿಗಾಗಿ ಡ್ಯುರಾ-ಏಸ್ ಎಂಬ ಬಿಡಿಭಾಗಗಳ ಸರಣಿಯಲ್ಲಿ ತಂದ, ‘ಟಕ್’ ಎಂದು ಕೂರುವ ಗೇರು ಇಂದು ಶಾಲೆಯ ಹುಡುಗನ ಹ್ಯಾಂಡಲ್ ಮೇಲಿದೆ. ಆದರೆ ಅದು ಕೆಲಸ ಮಾಡುವ ಬಗೆಯನ್ನು ನೋಡಿ. ಒಂದು ಟಕ್‌ಗೆ ಕೇಬಲ್ ಇಷ್ಟೇ ಎಳೆಯಬೇಕು, ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರ್ ಅಷ್ಟೇ ಸರಿಯಬೇಕು. ಹಿಂದಿನ ಗಾಲಿಯ ಏಳು ಗೇರಿನ ಫ್ರೀವೀಲ್‌ನಲ್ಲಿ ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕಿರುವ ಅಂತರ ಸುಮಾರು 5 ಮಿಲಿಮೀಟರ್. ಡಿರೇಲರ್ ತೂಗುವ ಪಟ್ಟಿ ತುಸು ಬಾಗಿದರೂ ಈ ಲೆಕ್ಕ ಕೆಡುತ್ತದೆ. ಅಗ್ಗದ ಸೈಕಲ್ಲಿನಲ್ಲಿ ಆ ಪಟ್ಟಿ ಬರಿಯ ಉಕ್ಕಿನ ತಗಡು. ಶಾಲೆಯ ಗೋಡೆಗೆ ಒಂದರ ಮೇಲೊಂದು ಒರಗಿಸಿದರೆ ಸಾಕು, ಬಾಗುತ್ತದೆ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್‌ಗಳು ಹೊಲದಿಂದ ರಾಯಬಾಗ, ಕಾಗವಾಡದ ರಸ್ತೆಗಳಿಗೆ ಎಳೆದು ತರುವ ಎರೆಮಣ್ಣು ಕೇಬಲ್ಲಿನ ಹೊದಿಕೆಯೊಳಗೂ ಸೇರುತ್ತದೆ. ಚೈನು ಜಿಗಿಯತೊಡಗುತ್ತದೆ. ಕೊನೆಗೆ ಹುಡುಗ ಯಾವುದೋ ಒಂದು ಗೇರಿನಲ್ಲೇ ತುಳಿಯುತ್ತಾನೆ. ಗೇರಿನ ಸದ್ದು ಅಗ್ಗವಾಗಿ ಬಂತು, ಅದರ ನಿಖರತೆ ಬರಲಿಲ್ಲ.

ತವಂದಿ ಘಾಟಿನ ಏರಿಗೆ ಗೇರು ಬೇಕು, ಒಪ್ಪುತ್ತೇನೆ. ಅಥಣಿಯ ಬಯಲಿಗೆ 21 ಯಾಕೆ? ಅವುಗಳಲ್ಲಿ ಎಷ್ಟೋ ಹೆಚ್ಚುಕಡಿಮೆ ಒಂದೇ.

ನಿಜಕ್ಕೂ ಇಡಿಯಾಗಿ ಇಳಿದು ಬಂದದ್ದು ಅಲ್ಯೂಮಿನಿಯಂ ರಿಮ್. ಅದರ ಬಗ್ಗೆ ಯಾರೂ ಬರೆಯುವುದಿಲ್ಲ. ಕ್ರೋಮ್ ಲೇಪದ ಉಕ್ಕಿನ ರಿಮ್ ಮಳೆಯಲ್ಲಿ ನೆನೆದರೆ ಬ್ರೇಕ್ ರಬ್ಬರು ಜಾರುತ್ತದೆ, ಸೈಕಲ್ ನಿಲ್ಲುವ ಹೊತ್ತಿಗೆ ಎಮ್ಮೆಯೋ ಟ್ರ್ಯಾಕ್ಟರೋ ಎದುರಿಗಿರುತ್ತದೆ. ಅಲ್ಯೂಮಿನಿಯಂ ನೆನೆದರೂ ಎಷ್ಟೋ ಚೆನ್ನಾಗಿ ಹಿಡಿಯುತ್ತದೆ, ತೂಕವೂ ಕಡಿಮೆ. ಹಳ್ಳಿಯ ಪಂಕ್ಚರ್ ಅಂಗಡಿಯವನು ಕಡ್ಡಿ ಬಿಗಿದು ಅದರ ಬೆಂಡ್ ತೆಗೆಯಬಲ್ಲ. ಹೊಸ ವಿದ್ಯೆ ಬೇಕಿಲ್ಲ.

ಇಲ್ಲೇ ಇನ್ನೊಂದು ತಕರಾರು. 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಕೊಟ್ಟ ಸೈಕಲ್ಲನ್ನು ಹಳೇ ಕಾಲದ್ದೆಂದು ಹಳಿದವರಿದ್ದಾರೆ. ಬಿಡಿಭಾಗ ಕಳಪೆ ಎಂಬ ದೂರು ನ್ಯಾಯವಾದದ್ದೇ. ಗೇರಿಲ್ಲ ಎಂಬ ದೂರಿಗೆ ಅರ್ಥವಿಲ್ಲ. ದೂರದ ಹೈಸ್ಕೂಲಿಗೆ ಹೋಗುವ ಹುಡುಗಿಗೆ ದಿನವೂ ನಡೆಯುವ ಸೈಕಲ್ ಬೇಕು, ಅದು ಕೆಟ್ಟರೆ ಅದೇ ಊರಲ್ಲಿ ರಿಪೇರಿ ಆಗಬೇಕು.

ಆ ಯೋಜನೆ ಕೋವಿಡ್ ಕಾಲದಲ್ಲಿ ನಿಂತಿತು. ಮತ್ತೆ ಸೈಕಲ್ ಕೊಡುವಾಗ ಸರ್ಕಾರ ಗೇರಿನ ಆಸೆಗೆ ಬೀಳದೆ ಅಲ್ಯೂಮಿನಿಯಂ ರಿಮ್ಮನ್ನೂ ಒಳ್ಳೆಯ ಬ್ರೇಕ್ ರಬ್ಬರನ್ನೂ ಟೆಂಡರಿನಲ್ಲೇ ಬರೆಸಲಿ.