ಪತ್ತೆಯಾಗಬಾರದ ರಹಸ್ಯಗಳು

ಅಮೆರಿಕದ ಗುಲಾಮಗಿರಿ ವಿರೋಧಿ ಹೋರಾಟ ಮತ್ತು ಮಹಿಳಾ ಹಕ್ಕುಗಳ ಮೊದಲ ಸಭೆಗಳ ನಡುವೆ ಕಥೆ ಕಟ್ಟುವ ಪತ್ತೇದಾರಿ ಕಾದಂಬರಿಗಳ ಮೇಲೆ ಒಂದು ಆರೋಪ ಬಹಳ ಕಾಲದಿಂದ ಇದೆ. ಅವುಗಳ ನಾಯಕಿ ತೀರಾ ಆಧುನಿಕಳು, ಇಂದಿನ ಸ್ತ್ರೀವಾದಿಗೆ ಅಂದಿನ ಉಡುಗೆ ತೊಡಿಸಿ ನಿಲ್ಲಿಸಿದಂತಿದ್ದಾಳೆ ಎಂಬುದು ಆ ಆರೋಪ. ಈ ಪ್ರಕಾರವನ್ನು ಪ್ರೀತಿಯಿಂದ ಓದುತ್ತ ಬಂದಿರುವ ನನಗೆ ಇದು ತಲೆಕೆಳಗಾದ ಮಾತಾಗಿ ಕಾಣುತ್ತದೆ. ಈ ನಾಯಕಿಯರು ತಮ್ಮ ಕಾಲಕ್ಕಿಂತ ಮುಂದಿಲ್ಲ, ಹಿಂದಿದ್ದಾರೆ.

ಮಿರಿಯಂ ಗ್ರೇಸ್ ಮಾನ್‌ಫ್ರೆಡೊ ಅವರ ‘ಸೆನೆಕಾ ಫಾಲ್ಸ್ ಇನ್‌ಹೆರಿಟೆನ್ಸ್’ (1992) ಈ ಚರ್ಚೆಯಲ್ಲಿ ಮೊದಲು ಬರುವ ಪುಸ್ತಕ. 1848ರ ಸೆನೆಕಾ ಫಾಲ್ಸ್ ಊರು, ಅಲ್ಲಿನ ಅವಿವಾಹಿತ ಗ್ರಂಥಪಾಲಕಿ ಗ್ಲಿನಿಸ್ ಟ್ರಯನ್, ಒಂದು ಕೊಲೆ, ಹತ್ತಿರ ಬರುತ್ತಿರುವ ಮಹಿಳಾ ಹಕ್ಕುಗಳ ಜುಲೈ ಸಮಾವೇಶ. ಗ್ಲಿನಿಸ್ ಸ್ವಂತ ಬುದ್ಧಿಯಿಂದ ಯೋಚಿಸುತ್ತಾಳೆ, ಒಂಟಿಯಾಗಿ ಬದುಕುತ್ತಾಳೆ. ಇಷ್ಟಕ್ಕೇ ಅವಳನ್ನು ಅತಿ ಆಧುನಿಕಳೆನ್ನುವವರು ಅವಳ ಕಾಲದ ನಿಜವಾದ ಹೆಂಗಸರನ್ನು ನೋಡಬೇಕು. ಮರಿಯಾ ಸ್ಟೀವರ್ಟ್ ಎಂಬ ಕಪ್ಪು ಮಹಿಳೆ 1832ರಲ್ಲೇ ಬಾಸ್ಟನ್ನಿನ ಫ್ರಾಂಕ್ಲಿನ್ ಹಾಲ್‌ನಲ್ಲಿ ಗಂಡಸರೂ ಹೆಂಗಸರೂ ಕೂಡಿದ್ದ ಸಭೆಯ ಮುಂದೆ ರಾಜಕೀಯ ಭಾಷಣ ಮಾಡಿದ್ದಳು. 1838ರ ಮೇ ತಿಂಗಳಲ್ಲಿ ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ಹಾಲ್‌ನ ಕಿಟಕಿಗಳ ಮೇಲೆ ಗುಂಪು ಕಲ್ಲು ತೂರುತ್ತಿದ್ದಾಗ ಏಂಜಲೀನಾ ಗ್ರಿಮ್ಕೆ ಮಾತು ನಿಲ್ಲಿಸಲಿಲ್ಲ. ಮರುದಿನ ರಾತ್ರಿ ಆ ಕಟ್ಟಡವನ್ನೇ ಸುಟ್ಟುಹಾಕಿದರು. ಮುಂದೆ ಸೋಜರ್ನರ್ ಟ್ರುತ್ ಎಂದು ಹೆಸರಾದ ಇಸಬೆಲ್ಲಾ, ಕಾನೂನಿಗೆ ವಿರುದ್ಧವಾಗಿ ಅಲಬಾಮಾಕ್ಕೆ ಮಾರಲಾಗಿದ್ದ ತನ್ನ ಮಗನಿಗಾಗಿ ನ್ಯೂಯಾರ್ಕ್ ಸಂಸ್ಥಾನದಲ್ಲಿ ಮೊಕದ್ದಮೆ ಹೂಡಿ 1828ರಲ್ಲಿ ಗೆದ್ದಳು. ಆಕೆಗೆ ಓದು ಬರಹ ಬರುತ್ತಿರಲಿಲ್ಲ. ಯಾವುದಾದರೂ ಕಾದಂಬರಿಯಲ್ಲಿ ಇಂಥ ಪಾತ್ರ ಬಂದಿದ್ದರೆ ನಮ್ಮ ವಿಮರ್ಶಕರು ಅದನ್ನು ಅಸಂಭವವೆಂದು ತಳ್ಳಿಹಾಕುತ್ತಿದ್ದರು.

ಇವರೆಲ್ಲ ಅಪವಾದಗಳು, ಸಾಮಾನ್ಯ ಹೆಣ್ಣು ಹೀಗಿರಲಿಲ್ಲ ಎಂಬ ವಾದವಿದೆ. ಆದರೆ ಸೆನೆಕಾ ಫಾಲ್ಸ್ ಸಮಾವೇಶದ ಘೋಷಣೆಗೆ ಸಹಿ ಹಾಕಿದ 68 ಹೆಂಗಸರು ಮತ್ತು 32 ಗಂಡಸರಲ್ಲಿ ಹೆಚ್ಚಿನವರನ್ನು ಇತಿಹಾಸ ಬೇರೆ ಯಾವ ಕಾರಣಕ್ಕೂ ನೆನೆಯುವುದಿಲ್ಲ. ಅವರಲ್ಲೊಬ್ಬಳು ಷಾರ್ಲೆಟ್ ವುಡ್‌ವರ್ಡ್, ಮನೆಯಲ್ಲಿ ಕೂತು ಕೂಲಿಗೆ ಕೈಗವಸು ಹೊಲಿಯುತ್ತಿದ್ದ ಹುಡುಗಿ. ದುಡಿದ ಕೂಲಿ ತನ್ನ ಕೈಸೇರುವುದಿಲ್ಲವೆಂಬ ಸಿಟ್ಟು ಅವಳಿಗೆ ಪುಸ್ತಕ ಓದಿ ಬಂದದ್ದಲ್ಲ.

ಮಾನ್‌ಫ್ರೆಡೊ ಅವರಿಗೆ ಸಲ್ಲಬೇಕಾದದ್ದು ಸಲ್ಲಲಿ. ವಿವಾಹಿತ ಮಹಿಳೆಯರ ಆಸ್ತಿ ಕಾಯಿದೆ ನ್ಯೂಯಾರ್ಕಿನಲ್ಲಿ ಬಂದದ್ದು 1848ರ ಏಪ್ರಿಲ್‌ನಲ್ಲಿ. ಅದರ ಬೆನ್ನಲ್ಲೇ ಉತ್ತರಾಧಿಕಾರದ ಸುತ್ತ ಒಂದು ಕೊಲೆಯನ್ನಿಟ್ಟು, ಹೆಣ್ಣಿನ ಹೆಸರಿಗೆ ಆಸ್ತಿ ಬರುವುದು ಎಷ್ಟು ಅಪಾಯದ ಸಂಗತಿಯಾಗಿತ್ತು ಎಂದು ತೋರಿಸಿದ್ದು ಒಳ್ಳೆಯ ಕಾದಂಬರಿಕಾರ್ತಿಯ ಕೆಲಸ. ಇಲ್ಲಿ ಇತಿಹಾಸ ಬರೀ ಹಿನ್ನೆಲೆಯಲ್ಲ, ಕೊಲೆಯ ಪ್ರೇರಣೆಯೇ ಅದು.

ತೊಡಕು ಶುರುವಾಗುವುದು ಗುಲಾಮಗಿರಿಯ ವಸ್ತು ಬಂದಾಗ. ಪತ್ತೇದಾರಿ ಕಥೆಯ ಚೌಕಟ್ಟು ಒಂದು ನಂಬಿಕೆಯ ಮೇಲೆ ನಿಂತಿದೆ: ಅಪರಾಧವೆಂದರೆ ಕಾನೂನು ಮುರಿಯುವುದು, ಅಪರಾಧಿ ಸಿಕ್ಕರೆ ಲೋಕ ಮತ್ತೆ ನೆಟ್ಟಗಾಗುತ್ತದೆ. 1850ರ ಪಲಾಯಿತ ಗುಲಾಮರ ಕಾಯಿದೆಯ ಕೆಳಗೆ ಈ ನಂಬಿಕೆ ನಿಲ್ಲುವುದಿಲ್ಲ. ಓಡಿಬಂದವರಿಗೆ ಆಸರೆ ಕೊಟ್ಟವರಿಗೆ 1,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಸೆರೆ. ಹಿಡಿದು ತಂದ ಗುಲಾಮರನ್ನು ಒಡೆಯನಿಗೆ ಒಪ್ಪಿಸಿದರೆ ತೀರ್ಪು ಕೊಡುವ ಕಮಿಷನರ್‌ಗೆ 10 ಡಾಲರ್, ಬಿಡುಗಡೆ ಮಾಡಿದರೆ 5. ಸುಳಿವು ಹುಡುಕಿ, ಜಾಡು ಹಿಡಿದು, ವೇಷ ಕಳಚಿಸಿ ಗುರುತು ಸಾಬೀತುಪಡಿಸುವುದು ಪತ್ತೇದಾರನ ವಿದ್ಯೆ ಎಂದು ನಾವು ಮೆಚ್ಚುತ್ತೇವಲ್ಲ, ಆ ವಿದ್ಯೆಯಿಂದ ಅಂದು ಹೊಟ್ಟೆ ಹೊರೆಯುತ್ತಿದ್ದವನು ಗುಲಾಮರನ್ನು ಹಿಡಿಯುವವನು.

ಗುಲಾಮಳಾಗಿದ್ದ ಹ್ಯಾರಿಯೆಟ್ ಜೇಕಬ್ಸ್ ಪ್ರಕರಣವನ್ನೇ ನೋಡಿ. 1835ರಲ್ಲಿ ಆಕೆ ನಾರ್ತ್ ಕೆರೊಲಿನಾದ ಈಡನ್‌ಟನ್‌ನಲ್ಲಿ ತಲೆಮರೆಸಿಕೊಂಡಾಗ ಆಕೆಯ ಮೇಲೆ ಒಡೆತನ ನಡೆಸುತ್ತಿದ್ದ ಡಾ. ನಾರ್ಕಮ್ 100 ಡಾಲರ್ ಬಹುಮಾನದ ಜಾಹೀರಾತು ಕೊಟ್ಟ. ಮೈಬಣ್ಣ, ಮೈಕಟ್ಟು, ಕೂದಲು, ಮಾತಿನ ಸರಾಗ, ಯಾವ ಬಗೆಯ ಬಟ್ಟೆ ತೊಟ್ಟಿರಬಹುದು ಎಂಬ ಊಹೆ ಎಲ್ಲವೂ ಅದರಲ್ಲಿತ್ತು. ಶೆರ್ಲಾಕ್ ಹೋಮ್ಸ್ ಹುಟ್ಟುವುದಕ್ಕೆ ಅರ್ಧ ಶತಮಾನ ಮೊದಲು, ಒಬ್ಬ ವ್ಯಕ್ತಿಯ ದೇಹವನ್ನು ಸುಳಿವುಗಳ ಪಟ್ಟಿಯಾಗಿ ಓದುವ ಬರಹ ಅದು. ಜೇಕಬ್ಸ್ ಅಡಗಿದ್ದದ್ದು ಅದೇ ಊರಿನಲ್ಲಿ, ಅಜ್ಜಿಯ ಮನೆಗೆ ಸೇರಿದ ಕೊಟ್ಟಿಗೆಯ ಸೂರಿನಡಿ. ಒಂಬತ್ತು ಅಡಿ ಉದ್ದ, ಏಳು ಅಡಿ ಅಗಲ, ಅತಿ ಎತ್ತರದಲ್ಲಿ ಮೂರೇ ಅಡಿ. ಅಲ್ಲಿ ಸುಮಾರು ಏಳು ವರ್ಷ. ಅಲ್ಲಿಂದಲೇ ಆಕೆ ನಾರ್ಕಮ್‌ಗೆ ಪತ್ರ ಬರೆದು, ನಂಬಿದವರ ಕೈಲಿ ಉತ್ತರಕ್ಕೆ ಕಳಿಸಿ, ಅಲ್ಲಿನ ಅಂಚೆಯಲ್ಲಿ ಹಾಕಿಸಿದಳು. ನ್ಯೂಯಾರ್ಕಿನ ಬೀದಿಗಳ ಹೆಸರು ತಪ್ಪಬಾರದೆಂದು ಆ ನಗರದ ಪತ್ರಿಕೆಯ ತುಂಡೊಂದನ್ನು ತರಿಸಿಕೊಂಡಿದ್ದಳು. ಹಿಡಿಯಬಂದವನು ದೂರದ ನಗರಗಳ ಕಡೆ ನೋಡುತ್ತಿದ್ದಾಗ ಆಕೆ ಅವನ ಊರಿನಲ್ಲೇ ಇದ್ದಳು.

ಈ ಕಥೆಯಲ್ಲಿ ಪ್ಲಾಟ್ ಹೆಣೆಯುವವಳು, ಸುಳ್ಳು ಸುಳಿವು ಬಿತ್ತುವವಳು, ಎದುರಾಳಿಯ ಮನಸ್ಸನ್ನು ಓದುವವಳು ಎಲ್ಲ ಜೇಕಬ್ಸ್. ರಹಸ್ಯ ಬಯಲಾದರೆ ಅನ್ಯಾಯ ಗೆಲ್ಲುತ್ತದೆ. ಓಡಿಬಂದ ಗುಲಾಮರನ್ನು ಗುಟ್ಟಾಗಿ ದಾಟಿಸುತ್ತಿದ್ದ ‘ಭೂಗತ ರೈಲುದಾರಿ’ಯನ್ನು ವಸ್ತುವಾಗಿಸಿಕೊಂಡ ಮಾನ್‌ಫ್ರೆಡೊ ಅವರ ‘ನಾರ್ತ್ ಸ್ಟಾರ್ ಕಾನ್‌ಸ್ಪಿರಸಿ’ (1993) ನನ್ನನ್ನು ಅತೃಪ್ತವಾಗಿ ಬಿಡುವುದು ಈ ಕಾರಣಕ್ಕೆ. ಸಂಶೋಧನೆ ಗಟ್ಟಿಯಾಗಿದೆ, ಸಹಾನುಭೂತಿ ನಿಜವಾದದ್ದು. ಆದರೆ ಕಥೆಯ ಕಣ್ಣು ನೆರವಾಗುವ ಬಿಳಿಯ ಗ್ರಂಥಪಾಲಕಿಯದು. ಯೋಜನೆ ಹಾಕಬಲ್ಲ ಬುದ್ಧಿ ಓಡಿಬಂದವರಲ್ಲೂ ಇತ್ತೆಂಬುದು ಆ ಕಣ್ಣಿಗೆ ಪೂರ್ತಿ ಬೀಳುವುದಿಲ್ಲ.

ಬಾರ್ಬರಾ ಹ್ಯಾಂಬ್ಲಿ ಅವರ ‘ಎ ಫ್ರೀ ಮ್ಯಾನ್ ಆಫ್ ಕಲರ್’ (1997) ಈ ಬಿಕ್ಕಟ್ಟನ್ನು ಹೆಚ್ಚು ಆಳವಾಗಿ ಅರಿತ ಕೃತಿ. 1833ರ ನ್ಯೂ ಆರ್ಲಿಯನ್ಸ್‌ನಲ್ಲಿ ಬೆಂಜಮಿನ್ ಜಾನ್ಯುವರಿ ಸ್ವತಂತ್ರ ಕಪ್ಪು ಮನುಷ್ಯ, ಪ್ಯಾರಿಸ್‌ನಲ್ಲಿ ಕಲಿತ ಶಸ್ತ್ರವೈದ್ಯ, ಹೊಟ್ಟೆಪಾಡಿಗೆ ಪಿಯಾನೊ ನುಡಿಸುವವನು. ಸುಳಿವು ಹುಡುಕಿ ಊರಾಚೆ ಹೋದರೆ, ಸ್ವತಂತ್ರನೆಂದು ಸಾರುವ ಕಾಗದವನ್ನು ಯಾರಾದರೂ ಹರಿದುಹಾಕಿದರೆ ಅವನು ಮಾರಾಟದ ವಸ್ತು. ಪತ್ತೇದಾರನೇ ಬೇಟೆಯಾಗಬಹುದಾದ ಈ ಸ್ಥಿತಿಯಲ್ಲಿ ತನಿಖೆಯ ಒಂದೊಂದು ಹೆಜ್ಜೆಗೂ ನೈತಿಕ ಭಾರ ಬರುತ್ತದೆ.

ನಮ್ಮ ಕಾದಂಬರಿಕಾರರು ಇನ್ನೂ ಎದುರಿಸಬೇಕಾದ ಕಠಿಣ ಪ್ರಕರಣ ಮಿಸ್ಸೌರಿಯದು. 1855ರಲ್ಲಿ ಸೀಲಿಯಾ ಎಂಬ ಗುಲಾಮ ಯುವತಿ ತನ್ನನ್ನು ವರ್ಷಗಟ್ಟಲೆ ಬಲಾತ್ಕರಿಸಿದ ಒಡೆಯನನ್ನು ಕೊಂದಳು. ಕೊಂದವರು ಯಾರೆಂಬುದು ಬೇಗನೆ ತಿಳಿಯಿತು. ಬಲಾತ್ಕಾರದಿಂದ ‘ಯಾವುದೇ ಹೆಣ್ಣಿಗೆ’ ರಕ್ಷಣೆ ಕೊಡುವ ಕಾನೂನು ಅವಳಿಗೂ ಅನ್ವಯಿಸುತ್ತದೆಂದು ವಕೀಲರು ವಾದಿಸಿದರು. ನ್ಯಾಯಾಧೀಶ ಒಪ್ಪಲಿಲ್ಲ. ತನ್ನ ಪರವಾಗಿ ಸಾಕ್ಷಿ ಹೇಳುವ ಹಕ್ಕೂ ಅವಳಿಗಿರಲಿಲ್ಲ; ಡಿಸೆಂಬರ್‌ನಲ್ಲಿ ಗಲ್ಲಿಗೇರಿಸಿದರು. ಕೊಲೆಗಾರ ಯಾರು ಎಂದಷ್ಟೇ ಕೇಳಬಲ್ಲ ಕಥಾರೂಪಕ್ಕೆ ಇಲ್ಲಿ ಮಾಡಲು ಏನೂ ಇಲ್ಲ.

ಕಥಾರೂಪವನ್ನು ಬಗ್ಗಿಸಲಾಗದು ಎನ್ನುವಂತೆಯೂ ಇಲ್ಲ. ಆಫ್ರಿಕನ್ ಅಮೆರಿಕನ್ ಲೇಖಕಿ ಪಾಲಿನ್ ಹಾಪ್ಕಿನ್ಸ್ 1901–02ರಲ್ಲೇ ‘ಹೇಗರ್ಸ್ ಡಾಟರ್’ ಎಂಬ ಧಾರಾವಾಹಿಯನ್ನು ‘ಕಲರ್ಡ್ ಅಮೆರಿಕನ್ ಮ್ಯಾಗಜೀನ್’ನಲ್ಲಿ ಬರೆದರು. ಅದರಲ್ಲಿ ವೀನಸ್ ಜಾನ್ಸನ್ ಎಂಬ ಕಪ್ಪು ಮನೆಗೆಲಸದ ಹುಡುಗಿ ಗಂಡುವೇಷ ತೊಟ್ಟು ಸೆರೆಯಾದವಳ ಜಾಗ ಪತ್ತೆಹಚ್ಚುತ್ತಾಳೆ. ರಹಸ್ಯ ಬಿಡಿಸಿದ ಮೇಲೂ ಅಲ್ಲಿ ಲೋಕ ನೆಟ್ಟಗಾಗುವುದಿಲ್ಲ: ಹೆಂಡತಿಯ ಕಪ್ಪು ಮೂಲ ತಿಳಿದಾಗ ಗಂಡ ಹಿಂಜರಿಯುತ್ತಾನೆ, ಅವನು ಮನಸ್ಸು ಬದಲಿಸುವಷ್ಟರಲ್ಲಿ ಅವಳು ಸತ್ತಿರುತ್ತಾಳೆ. ಸತ್ಯ ಹೊರಬಂದರೂ ಕೊಲ್ಲುವ ಪೂರ್ವಗ್ರಹ ಹಾಗೇ ಉಳಿಯಬಹುದೆಂದು ಹಾಪ್ಕಿನ್ಸ್ ತೋರಿಸಿ ತೊಂಬತ್ತು ವರ್ಷಗಳಾದ ಮೇಲೆ ಬಂದ ಪುಸ್ತಕಗಳನ್ನು ಈ ಪ್ರಕಾರದ ಆರಂಭವೆಂದು ಕರೆಯುವುದನ್ನು ನಾನು ಒಪ್ಪುವುದಿಲ್ಲ.