ಖಾರ ಬೇರೆ ಬಟ್ಟಲಲ್ಲಿ

ಹೋಟೆಲಿನ ಊಟದ ಬಗ್ಗೆ ಬರೆಯಲು ನಿನಗೇನು ಯೋಗ್ಯತೆ ಎಂದು ನೀವು ಕೇಳಬಹುದು. ಮದುವೆಯಾದ ಮೂವತ್ತೆರಡು ವರ್ಷಗಳಲ್ಲಿ ನಾನು ಹೋಟೆಲಿನಲ್ಲಿ ಉಂಡದ್ದಕ್ಕಿಂತ, ಹೋಟೆಲಿನಲ್ಲಿ ಉಂಡು ಹೊಟ್ಟೆ ಕೆಡಿಸಿಕೊಂಡು ಬಂದವರಿಗೆ ಮಜ್ಜಿಗೆ ಅನ್ನ ಕಲಸಿ ಕೊಟ್ಟದ್ದೇ ಹೆಚ್ಚು. ಆದರೆ ಊಟದ ಬಗ್ಗೆ ತೀರ್ಪು ಹೇಳುವ ಹಕ್ಕು, ದಿನಕ್ಕೆ ಎರಡು ಹೊತ್ತು ಇನ್ನೊಬ್ಬರಿಂದ ತೀರ್ಪು ಹೇಳಿಸಿಕೊಳ್ಳುವ ನಮ್ಮಂಥವರಿಗಲ್ಲದೆ ಮತ್ತ್ಯಾರಿಗಿದೆ ಹೇಳಿ?

ಇದೆಲ್ಲ ಶುರುವಾದದ್ದು ಮಗಳಿಂದ. ಜರ್ಮನಿಯಲ್ಲಿ ಕೆಲಸದಲ್ಲಿರುವ ಅವಳು ರಜೆಯಲ್ಲಿ ಗ್ರೀಸ್ ದೇಶದ ಕ್ರೀಟ್ ಎಂಬ ದ್ವೀಪಕ್ಕೆ ಹೋಗಿದ್ದಳು. ಮೆಡಿಟರೇನಿಯನ್ ಸಮುದ್ರದ ದ್ವೀಪ ಅದು. ಅಲ್ಲಿಯ ಹಳ್ಳಿಯೊಂದರ ಊಟದ ಮನೆಯ ವರ್ಣನೆಯನ್ನು ಊರಿಗೆ ಬಂದಾಗ ನಮಗೆ ಮೂರು ದಿನ ಬಡಿಸಿದಳು. ತವೆರ್ನಾ ಅನ್ನುತ್ತಾರಂತೆ ಅದಕ್ಕೆ. ಯಜಮಾನಿ ಬಂದವರನ್ನು ಸೀದಾ ಅಡುಗೆಮನೆಗೆ ಕರೆದುಕೊಂಡು ಹೋಗಿ, ಒಂದೊಂದೇ ಪಾತ್ರೆಯ ಮುಚ್ಚಳ ತೆಗೆದು ಇವತ್ತು ಏನೇನಿದೆ ಎಂದು ತೋರಿಸಿದಳಂತೆ. ಗುಡ್ಡದಲ್ಲಿ ಕಿತ್ತು ತಂದ ಬೆರಕೆ ಸೊಪ್ಪನ್ನು ಸುಮ್ಮನೆ ಬೇಯಿಸಿ ಮೇಲೆ ಆಲಿವ್ ಎಣ್ಣೆ, ನಿಂಬೆರಸ ಹಾಕಿದ್ದು. ಕಲ್ಲಿನಂತೆ ಗಟ್ಟಿಯಾದ ಬಾರ್ಲಿ ರೊಟ್ಟಿಯ ಮೇಲೆ ಟೊಮೆಟೊ ಹಿಂಡಿ ಚೀಸ್ ಉದುರಿಸಿದ್ದು. ಕೊನೆಯಲ್ಲಿ ಕೇಳದೆಯೇ ಹಣ್ಣು, ಜೊತೆಗೆ ಒಂದು ಪುಟ್ಟ ಲೋಟ ಅವರ ಊರಿನ ಸಾರಾಯಿ, ದುಡ್ಡಿಲ್ಲದೆ. "ನೀನು ಕುಡಿದೆಯೇನೇ?" ಎಂದೆ. ಮಗಳು ಮಾತು ಬದಲಿಸಿದಳು.

ಮೂಲೆಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದ ನಮ್ಮತ್ತೆ ಕೇಳಿದ್ದು ಒಂದೇ ಪ್ರಶ್ನೆ: "ಬರೀ ಸೊಪ್ಪು ಬೇಯ್ಸಿ ಇಕ್ಕುದ್ಕೂ ಕಾಸು ಈಸ್ಕತರಾ ಮಗಾ?"

"ಅಮ್ಮ, ದ್ವೀಪ ನಮ್ಮಲ್ಲೂ ಇದೆಯಲ್ಲ, ಅಲ್ಲಿ ನಮ್ಮ ಊಟ ಸಿಗುವುದಿಲ್ಲವಾ?" ಎಂದು ಮಗಳು ಪಟ್ಟು ಹಿಡಿದಳು. ಅವಳು ಹೇಳಿದ್ದು ಶಿವನಸಮುದ್ರದ ಮಾತು. ಕೊಳ್ಳೇಗಾಲದವರಾದ ನಾವು ಅದನ್ನು ದ್ವೀಪ ಎಂದು ನೆನೆಯುವುದೇ ಇಲ್ಲ. ಸತ್ತೇಗಾಲ ದಾಟಿ ಸೇತುವೆ ಹಾದರೆ ಬಂತು ಅಷ್ಟೆ. ಕಾವೇರಿ ಅಲ್ಲಿ ಎರಡಾಗಿ ಸೀಳಿ, ಒಂದು ಕವಲು ಗಗನಚುಕ್ಕಿಯಾಗಿ, ಇನ್ನೊಂದು ಭರಚುಕ್ಕಿಯಾಗಿ ಧುಮುಕುತ್ತದೆ. ನಡುವಿನ ನೆಲದಲ್ಲಿ ಮಧ್ಯರಂಗನ ಗುಡಿ, ಒಂದು ದರ್ಗಾ, ಭಾನುವಾರದ ಜನಜಾತ್ರೆ. ಇಲ್ಲಿನ ನೀರಿನಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು. ಬೆಳಕು ಕೋಲಾರಕ್ಕೆ, ಸೀಮೆಎಣ್ಣೆ ಬುಡ್ಡಿ ನಮ್ಮ ಹಳ್ಳಿಗಳಿಗೆ ಎಂದು ನಮ್ಮ ಮಾವ ಹೇಳುತ್ತಿದ್ದರು. ಇರಲಿ, ಊಟಕ್ಕೆ ಬರೋಣ.

ನನ್ನ ತವರು ಯಳಂದೂರು. ಸುವರ್ಣಾವತಿಯ ಬಯಲು, ಗದ್ದೆಯ ಸೀಮೆ, ಎರಡು ಹೊತ್ತೂ ಅನ್ನ. ಅತ್ತೆಯ ತವರು ಹನೂರಿನ ಆಚೆ, ಮಾದಪ್ಪನ ಬೆಟ್ಟದ ದಾರಿಯ ಬೆದ್ದಲು ಹಳ್ಳಿ. ರಾಗಿ, ಹುರಳಿ, ಮಳೆ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಎರಡು ಊರಿಗೂ ನಡುವೆ ಕೊಳ್ಳೇಗಾಲ, ಅಲ್ಲಿ ನಮ್ಮ ಸಂಸಾರ. ಹೊಸ ಸೊಸೆಯಾಗಿ ಬಂದ ದಿನ ತಟ್ಟೆಯಲ್ಲಿ ಮುದ್ದೆ, ಬಟ್ಟಲಲ್ಲಿ ನೀರಿನಂಥ ಸಾರು, ಪಕ್ಕದಲ್ಲಿ ನೆಲ್ಲಿಕಾಯಿ ಗಾತ್ರದ ಕೆಂಪು ಉಂಡೆ. ಚಟ್ನಿ ಇರಬೇಕೆಂದು ಅದನ್ನು ಬೆರಳಲ್ಲಿ ತೆಗೆದು ಬಾಯಿಗಿಟ್ಟೆ. ಕಣ್ಣಲ್ಲಿ ಕಾವೇರಿ. ಅತ್ತೆ ನಗಲಿಲ್ಲ. ನನ್ನ ತಟ್ಟೆಗೆ ಕೈ ಹಾಕಿ, ಕಡಲೆಕಾಳಿನಷ್ಟು ಖಾರವನ್ನು ಸಾರಿನಲ್ಲಿ ಕಿವುಚಿ, "ಇಷ್ಟೇಯಾ ಕನವ್ವ ನಿಂಗೆ, ಇವತ್ತಿಗೆ" ಎಂದರು. ಉಪ್ಪೆಸರಿನ ಗುಟ್ಟು ಅದೇ. ಸೊಪ್ಪು, ಕಾಳು ಉಪ್ಪಿನೊಡನೆ ಬೆಂದ ನೀರು ಸಾರು, ಉಳಿದ ಗಟ್ಟಿ ಪಲ್ಯ. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಿಸೆ ಅರೆದ ಖಾರ ಮಾತ್ರ ಬೇರೆ. ಹೊಲದಿಂದ ಬಂದ ಗಂಡಸಿಗೆ ಹೆಚ್ಚು, ಹಲ್ಲಿಲ್ಲದ ಮುದುಕರಿಗೆ ಕಡಿಮೆ, ಬಾಣಂತಿಗೆ ಇನ್ನೂ ಕಡಿಮೆ. ಒಂದೇ ಮಡಕೆ, ಒಂದೇ ಒಲೆ, ಅಷ್ಟೂ ಜನಕ್ಕೆ ಅವರವರ ರುಚಿ.

ಇಷ್ಟು ತಿಳಿದುಕೊಂಡು ನಾವು ಮೂವರು ಹೆಂಗಸರು ಆ ಕಡೆಯ ಒಂದು 'ಹಳ್ಳಿ ಊಟ'ದ ಹೋಟೆಲಿಗೆ ಹೋದೆವು. ಹೆಸರು ಬೇಡ. ಅತ್ತೆ ಎಪ್ಪತ್ತೆಂಟರ ವಯಸ್ಸಿನಲ್ಲೂ ಕೊಳ್ಳೇಗಾಲದ ರೇಷ್ಮೆ ಸೀರೆ ಉಟ್ಟು ಮದುವೆಗೆ ಹೊರಟಂತೆ ಹೊರಟಿದ್ದರು. ಬಾಗಿಲಲ್ಲೇ ಗಾಡಿಯ ಚಕ್ರ, ಲಾಟೀನು, ಪ್ಲಾಸ್ಟಿಕ್ ಹೂ ಮುಡಿಸಿದ ಬೀಸುವ ಕಲ್ಲು. ಅತ್ತೆ ಕಲ್ಲಿನ ಮುಂದೆ ನಿಂತು, "ಇದ ಬೀಸಿ ಬೀಸಿಯೇ ನನ್ ರಟ್ಟೆ ವೋದ್ದು, ಇದ್ಕೆ ಹೂವು ಬ್ಯಾರೆ" ಎಂದರು. ಒಳಗೆ ಕೂತ ಮೇಲೆ ಹುಡುಗನನ್ನು ಕರೆದು ಮೊದಲು ಕೇಳಿದ್ದು, "ಮಸಾಲೆ ದೋಸೆ ಅದಾ?" ಇರಲಿಲ್ಲ. ಮಗಳಿಗೆ ನಾಚಿಕೆ, ನನಗೆ ನಗು.

ಮುದ್ದೆಯಿಂದ ಶುರು ಮಾಡುತ್ತೇನೆ. ಒಳ್ಳೆಯ ಮುದ್ದೆ ಹೊಳೆಯಬೇಕು, ಒದ್ದೆ ಬೆರಳಿಗೆ ಅಂಟಬಾರದು. ಇದು ಬೆಳಿಗ್ಗೆಯೇ ಕಟ್ಟಿ ಬಿಸಿ ಡಬ್ಬಿಯಲ್ಲಿಟ್ಟದ್ದು, ಮೇಲೆ ಸಿಪ್ಪೆ ಕಟ್ಟಿತ್ತು. ಆದರೆ ಗಂಟಿರಲಿಲ್ಲ, ಆ ಮಾತು ಹೇಳಬೇಕು. ಹುರಳಿ ಸಾರು ನಿಜಕ್ಕೂ ಚೆನ್ನಾಗಿತ್ತು, ಕಟ್ಟು ಗಟ್ಟಿಯಾಗಿ, ಟೊಮೆಟೊ ಸುರಿದು ಕೆಡಿಸದೆ. ಮಗಳು ತರಿಸಿದ ಮೀನು ತಾಜಾ, ಬಣ್ಣ ಮಾತ್ರ ಕುಂಕುಮದಂಗಡಿಯದು. ಮಜ್ಜಿಗೆಗೆ ಪೂರ್ತಿ ಅಂಕ. ಕೆಟ್ಟದ್ದು ಉಪ್ಪೆಸರು. ಖಾರವನ್ನು ಸಾರಿಗೇ ಹಾಕಿ ಕುದಿಸಿಬಿಟ್ಟಿದ್ದರು. ಒಂದೇ ಬಟ್ಟಲು, ನೋಡಲು ರಸಂ, ರುಚಿಗೂ ಹೆಚ್ಚುಕಡಿಮೆ ರಸಂ. ಹಸಿ ಬೆಳ್ಳುಳ್ಳಿಯ ಘಾಟು ಕುದ್ದು ಸತ್ತಿತ್ತು. ಅಡುಗೆಯವರು ಕೊಟ್ಟಷ್ಟೇ ಖಾರ ಎಲ್ಲರಿಗೂ, ಅತ್ತೆಗೂ ಮೊಮ್ಮಗಳಿಗೂ.

ಅತ್ತೆ ಅನ್ನ ತರಿಸಿಕೊಂಡು ಹುರಳಿ ಸಾರಿನಲ್ಲಿ ಉಂಡರು. ಮುದ್ದೆ ಮುಟ್ಟಲಿಲ್ಲ. ಇದರಿಂದ ಮಗಳಿಗೆ ನಿರಾಸೆ. "ಅಜ್ಜಿ, ಇದು ನಿಮ್ಮದೇ ಊಟ ಅಲ್ವಾ?" "ಅಯ್ಯೋ ಮಗಾ, ಅನ್ನ ಉಣ್ಣಕ್ಕೆ ಹಬ್ಬ ಬರ್ಬೇಕಾಗಿತ್ತು ಆಗ."

ಆಗ ನನಗೆ ನೆನಪಾದದ್ದು ಆ ಕ್ರೀಟ್ ದ್ವೀಪದ ಬಗ್ಗೆ ಓದಿದ್ದ ಒಂದು ಸಂಗತಿ. ಎರಡನೆಯ ಮಹಾಯುದ್ಧದಲ್ಲಿ ಜರ್ಜರಿತವಾಗಿದ್ದ ಆ ದ್ವೀಪದಲ್ಲಿ 1948ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದವರು ಮನೆಮನೆಗೆ ಹೋಗಿ ಏನು ಉಣ್ಣುತ್ತೀರಿ ಎಂದು ವಿಚಾರಿಸಿದರು. ಸೊಪ್ಪು, ಕಾಳು, ರೊಟ್ಟಿ, ಆಲಿವ್ ಎಣ್ಣೆ. ಏನು ಬೇಕು ಎಂದು ಕೇಳಿದರೆ ಬಹಳ ಜನರ ಬಾಯಲ್ಲಿ ಬಂದದ್ದು ಮಾಂಸ! ಮುಂದೆ ಅಮೆರಿಕದ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಅಲ್ಲಿಯವರಿಗೆ ಹೃದಯದ ಕಾಯಿಲೆ ಬಹಳ ಕಡಿಮೆ ಎಂದು ತೋರಿಸಿದ ಮೇಲೆ ಆ ಬಡವರ ಊಟಕ್ಕೆ ಜಗತ್ತೇ ಮುಗಿಬಿತ್ತು. 2010ರಲ್ಲಿ ಮೆಡಿಟರೇನಿಯನ್ ಊಟವನ್ನು ಯುನೆಸ್ಕೊ ಪರಂಪರೆಯ ಪಟ್ಟಿಗೂ ಸೇರಿಸಿತು. ನಮ್ಮ ರಾಗಿಗೂ ಅಂಥ ಯೋಗ ಬಂದಿದೆ. 2023 ಸಿರಿಧಾನ್ಯದ ಅಂತರರಾಷ್ಟ್ರೀಯ ವರ್ಷವೇ ಆಗಿತ್ತು. ಒಳ್ಳೆಯದೇ. ಆದರೆ ಬೇರೆ ಗತಿಯಿಲ್ಲದೆ ಅದನ್ನೇ ಉಂಡವರಿಗೆ ಬೇಡ ಎನ್ನುವ ಸ್ವಾತಂತ್ರ್ಯವಾದರೂ ಇರಬೇಕಲ್ಲ.

ಕೈ ತೊಳೆಯಲು ಹಿಂದಕ್ಕೆ ಹೋದ ಅತ್ತೆ ಹತ್ತು ನಿಮಿಷವಾದರೂ ಬರಲಿಲ್ಲ. ಗಾಬರಿಯಿಂದ ಹೋಗಿ ನೋಡಿದರೆ, ಅಡುಗೆಮನೆಯ ಹಿಂಬಾಗಿಲಲ್ಲಿ ಮೂವರು ಹೆಂಗಸರು ಊಟಕ್ಕೆ ಕೂತಿದ್ದಾರೆ, ಅವರ ನಡುವೆ ತಲೆಕೆಳಗಾದ ಕ್ರೇಟಿನ ಮೇಲೆ ರೇಷ್ಮೆ ಸೀರೆಯ ನಮ್ಮತ್ತೆ! ಅವರ ತಟ್ಟೆಯಲ್ಲಿ ಆಗ ತಾನೇ ತೊಳಸಿದ ಮುದ್ದೆ, ತಿಳಿಯಾದ ಸಾರು, ಪಕ್ಕದ ಬಟ್ಟಲಲ್ಲಿ ಕಲ್ಲಲ್ಲಿ ಅರೆದ ಖಾರ. ಅತ್ತೆ ಅಲ್ಲಿ ಮುದ್ದೆ ಮುರಿದು ನುಂಗುತ್ತಿದ್ದರು. ಒಬ್ಬಾಕೆಗೆ, ಸೊಪ್ಪಿಗೆ ಉಪ್ಪು ಯಾವಾಗ ಹಾಕಬೇಕೆಂದು ಪಾಠವೂ ನಡೆದಿತ್ತು.

"ಇದನ್ನೇ ನಮಗೆ ಯಾಕೆ ಕೊಡಲಿಲ್ಲ?" ಎಂದು ಕೇಳಿಯೇಬಿಟ್ಟೆ.

"ಮೊದ್ಲು ಬೇರೇನೇ ಇಕ್ತಿದ್ವಿ ಅಕ್ಕ. ಇದ್ಯಾಕೆ ಎರಡು ಬಟ್ಲು ಅಂತ ಎಲ್ರೂ ಕೇಳೋರು. ಒಬ್ರು ಚಟ್ನಿ ಅಂತ ಬಾಯ್ಗೆ ಹಾಕ್ಕಂಡು ಅತ್ತುಬುಟ್ರು. ಸೇರ್ಸೇ ಕುದ್ಸಿ ಅಂದ್ರು ಯಜಮಾನ್ರು."

ನಾನು ತೆಪ್ಪಗಾದೆ. ಅತ್ತೆ ನನ್ನ ಮುಖ ನೋಡಿದರು. ಇದನ್ನೂ ಅವರು ನಕ್ಕು ಕಳೆಯಲಿಲ್ಲ.

ಆ ಹೋಟೆಲಿನ ತಪ್ಪು ಸುಳ್ಳು ಊಟ ಕೊಟ್ಟದ್ದಲ್ಲ. ನಿಜವಾದ ಊಟ ಹಿಂಬಾಗಿಲಲ್ಲಿ ಇದ್ದೂ, ಕಲಿಸಿ ಉಣಿಸುವ ತಾಳ್ಮೆಯಿಲ್ಲದ್ದು. ನನ್ನ ತಟ್ಟೆಗೆ ಕೈ ಹಾಕಿ ಕಲಸಿ ತೋರಿಸಲು ಅತ್ತೆಗೆ ಅರ್ಧ ನಿಮಿಷ ಸಾಕಾಗಿತ್ತು. ಬಡಿಸುವ ಹುಡುಗನಿಗೂ ಅಷ್ಟೇ ಸಾಕು. ಕ್ರೀಟಿನ ಯಜಮಾನಿ ಮುಚ್ಚಳ ತೆಗೆದು ತೋರಿಸುವುದೂ ಇದೇ ಕೆಲಸ ತಾನೆ?

ನೀವು ಆ ಕಡೆಯ ಯಾವ ಹಳ್ಳಿ ಊಟದ ಹೋಟೆಲಿಗೆ ಹೋದರೂ ಭಾನುವಾರ ಬೇಡ. ಮುದ್ದೆ ಆಗ ತೊಳಸಿದ್ದೇ ಬೇಕು, ಕಾಯುತ್ತೇವೆ ಎನ್ನಿ. ಖಾರ ಬೇರೆ ಕೊಡಿ ಎಂದು ಗಟ್ಟಿಯಾಗಿ ಕೇಳಿ. ನಾಲ್ಕು ಜನ ಕೇಳಿದರೆ ಐದನೆಯವರಿಗೆ ಬಟ್ಟಲು ತಾನಾಗಿ ಬರುತ್ತದೆ.

ಹೊರಡುವಾಗ ಆ ಹೆಂಗಸರು ಬಾಳೆಲೆಯಲ್ಲಿ ಒಂದುಂಡೆ ಖಾರ ಕಟ್ಟಿಕೊಟ್ಟರು, ದುಡ್ಡು ಮುಟ್ಟಲಿಲ್ಲ. ಅದು ದಾರಿಯಲ್ಲಿ ಸೋರಿ ರೇಷ್ಮೆಯ ಸೆರಗಿಗಿಷ್ಟು ಅಂಟಿತು. ಅತ್ತೆ ಅದನ್ನು ಗಮನಿಸಲಿಲ್ಲ. ಕೊಳ್ಳೇಗಾಲದ ಬಸ್‌ಸ್ಟ್ಯಾಂಡ್ ಹತ್ತಿರ ಕಾರು ನಿಲ್ಲಿಸಿ ಎಂದರು. ಮಸಾಲೆ ದೋಸೆ ತರಿಸಿಕೊಂಡು, ಚಟ್ನಿ ಬಟ್ಟಲನ್ನೂ ಬಳಿದು, ಪೂರ್ತಿ ತಿಂದರು.